ಹೃದಯದ ಗೋಡೆಯಲ್ಲಿ ರಂಧ್ರವಿಲ್ಲ

ಕೆಲವು ಹೆಸರುಗಳು ನಮ್ಮ ಸಭೆ ಸಮಾರಂಭಗಳಲ್ಲಿ ಪದೇ ಪದೇ ಕೇಳಿಬರುತ್ತವೆ. ಇಬ್ನ್ ಸೀನಾ, ಅಲ್ ರಾಝಿ, ಇಬ್ನ್ ಹೈಸಮ್, ಅಲ್ ಝಹ್ರಾವಿ, ಇಬ್ನ್ ನಫೀಸ್. ತಸ್ಬೀಹ್‌ನ ಮಣಿಗಳನ್ನು ಉರುಳಿಸಿದಂತೆ ಭಾಷಣಕಾರರು ಇವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ‘ರಕ್ತಪರಿಚಲನೆಯನ್ನು ಕಂಡುಹಿಡಿದದ್ದು ಹಾರ್ವೆ ಅಲ್ಲ, ನಮ್ಮ ಇಬ್ನ್ ನಫೀಸ್’ ಎಂದು ಭಾಷಣಕಾರರು ಹೇಳಿದಾಗ ಜೋರಾದ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು: ಇಬ್ನ್ ನಫೀಸ್ ನಿಜವಾಗಿ ಏನು ಬರೆದರು? ಚಪ್ಪಾಳೆ ತಟ್ಟಿದ ನಮ್ಮಲ್ಲಿ ಅದು ಎಷ್ಟು ಜನಕ್ಕೆ ಗೊತ್ತಿತ್ತು?

ಡಮಾಸ್ಕಸ್‌ನಲ್ಲಿ ವೈದ್ಯ ಕಲಿತು ಕೈರೋದಲ್ಲಿ ಬದುಕಿದ ಇಬ್ನ್ ನಫೀಸ್ ಹುಟ್ಟಿದ್ದು 1213ರ ಸುಮಾರಿಗೆ, ತೀರಿಕೊಂಡದ್ದು 1288ರಲ್ಲಿ. ವೈದ್ಯರಾಗಿದ್ದಂತೆಯೇ ಶಾಫಿ ಪಂಥದ ಫಿಕ್ಹ್ ವಿದ್ವಾಂಸರೂ ಆಗಿದ್ದರು. ಇಬ್ನ್ ಸೀನಾರ ‘ಅಲ್ ಕಾನೂನ್’ ಆಗ ವೈದ್ಯಲೋಕದ ಮೇರುಕೃತಿ. ಅದರಲ್ಲಿ ಅಂಗರಚನೆಯ ವಿಚಾರಗಳು ಒಂದೆಡೆ ಇಲ್ಲ, ಮೊದಲ ಮತ್ತು ಮೂರನೆಯ ಸಂಪುಟಗಳಲ್ಲಿ ಚದುರಿಹೋಗಿವೆ. ಇಬ್ನ್ ನಫೀಸ್ ಆ ಭಾಗಗಳನ್ನೆಲ್ಲ ಹೆಕ್ಕಿ, ಒಟ್ಟುಗೂಡಿಸಿ, ಒಂದೊಂದಕ್ಕೂ ವ್ಯಾಖ್ಯಾನ ಬರೆದರು. ಅದೇ ‘ಷರಹ್ ತಶ್ರೀಹ್ ಅಲ್ ಕಾನೂನ್’. ಅದು 1242ರಷ್ಟು ಹೊತ್ತಿಗೆ ಸಿದ್ಧವಾಗಿತ್ತು. ಆಗ ಅವರಿಗೆ ಮೂವತ್ತರ ಆಸುಪಾಸಿನ ಪ್ರಾಯ.

ಆ ಕಾಲದವರು ಹೃದಯವನ್ನು ಹೇಗೆ ತಿಳಿದಿದ್ದರು ಎಂಬುದನ್ನು ನೋಡದೆ ಈ ಪುಸ್ತಕದ ಧೈರ್ಯ ನಮಗೆ ಅರ್ಥವಾಗುವುದಿಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಪ್ರಕಾರ ರಕ್ತ ಹುಟ್ಟುವುದು ಯಕೃತ್ತಿನಲ್ಲಿ. ಅದರಲ್ಲಿ ಒಂದು ಪಾಲು ಹೃದಯದ ಬಲ ಕೋಣೆಗೆ ಬರುತ್ತದೆ. ಅಲ್ಲಿಂದ ಎಡ ಕೋಣೆಗೆ ಹೋಗಬೇಕಲ್ಲ, ದಾರಿ ಯಾವುದು? ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಜಿನುಗುತ್ತದೆ ಎಂದರು ಗ್ಯಾಲನ್. ಸಾವಿರ ವರ್ಷ ಈ ಮಾತನ್ನು ಯಾರೂ ಅಲುಗಾಡಿಸಲಿಲ್ಲ. ಇಬ್ನ್ ಸೀನಾ ಕೂಡ ಅದೇ ಚೌಕಟ್ಟಿನೊಳಗೆ ಬರೆದರು. ಅದರ ಮೇಲೆ, ಹೃದಯಕ್ಕೆ ಮೂರು ಕೋಣೆಗಳಿವೆ ಎಂದೂ ಹೇಳಿದರು.

ಇಬ್ನ್ ನಫೀಸ್ ಇಲ್ಲಿಗೆ ಬಂದು ನಿಲ್ಲುತ್ತಾರೆ. ಹೃದಯಕ್ಕೆ ಇರುವುದು ಎರಡೇ ಕೋಣೆ ಎನ್ನುತ್ತಾರೆ. ನಡುವಿನ ಗೋಡೆ ದಪ್ಪವಾದದ್ದು, ಗಟ್ಟಿಯಾದದ್ದು. ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಗ್ಯಾಲನ್ ಊಹಿಸಿದ ಕಾಣದ ರಂಧ್ರವೂ ಇಲ್ಲ ಎನ್ನುತ್ತಾರೆ. ಹಾಗಾದರೆ ರಕ್ತ ಹೋಗುವ ದಾರಿ? ಬಲ ಕೋಣೆಯಿಂದ ಹೊರಟ ರಕ್ತ ದೊಡ್ಡ ನಾಳದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಹರಡಿಕೊಂಡು, ಗಾಳಿಯೊಡನೆ ಬೆರೆತು, ಇನ್ನೊಂದು ನಾಳದ ಮೂಲಕ ಎಡ ಕೋಣೆಗೆ ಬರುತ್ತದೆ. ಹೃದಯದ ಮಾಂಸಕ್ಕೆ ಪೋಷಣೆ ಸಿಗುವುದು ಅದರ ಒಡಲಲ್ಲೇ ಹಬ್ಬಿರುವ ನಾಳಗಳಿಂದ ಎಂದೂ ಅವರು ಗುರುತಿಸಿದರು. ಇಂದು ಯಾರಿಗಾದರೂ ಎದೆನೋವು ಬಂದರೆ ಆಂಜಿಯೋಗ್ರಾಮ್ ಮಾಡಿ ವೈದ್ಯರು ಹುಡುಕುವುದು ಈ ನಾಳಗಳಲ್ಲಿನ ತಡೆಯನ್ನೇ.

ಇಷ್ಟು ದೊಡ್ಡ ಮಾತನ್ನು ಅವರು ಹೇಳಿದ್ದು ಸ್ವತಂತ್ರ ಗ್ರಂಥದಲ್ಲಿ ಅಲ್ಲ, ಗುರುವಿನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ. ವ್ಯಾಖ್ಯಾನವೆಂದರೆ ಮೂಲದ ನೆರಳು, ಸ್ವಂತ ಬುದ್ಧಿ ಬತ್ತಿಹೋದ ಕಾಲದ ಉತ್ಪನ್ನ ಎಂಬ ತಾತ್ಸಾರ ನಮ್ಮ ಸಾಹಿತ್ಯ ಚರಿತ್ರೆಗಳಲ್ಲೂ ಇದೆ. ಟೀಕೆ, ಟಿಪ್ಪಣಿಗಳ ಯುಗವೆಂದರೆ ಇಳಿಗಾಲ ಎಂದು ಬರೆದುಬಿಡುತ್ತೇವೆ. ಅರಬ್ ವೈದ್ಯಚರಿತ್ರೆಯಲ್ಲೂ ಇದೇ ಕತೆ ನಡೆದಿದೆ: ಹನ್ನೆರಡನೆಯ ಶತಮಾನದ ನಂತರ ಎಲ್ಲ ಮುಗಿಯಿತು, ಉಳಿದದ್ದು ಬರೀ ಷರಹ್‌ಗಳು ಎಂಬ ತೀರ್ಪು. ಆದರೆ ‘ಷರಹ್’ ಎಂಬ ಹೆಸರು ಹೊತ್ತ ಈ ಪುಸ್ತಕದಲ್ಲೇ ಗ್ಯಾಲನ್ ಮತ್ತು ಇಬ್ನ್ ಸೀನಾ ಇಬ್ಬರನ್ನೂ ಒಟ್ಟಿಗೆ ತಿದ್ದುವ ಕೆಲಸ ನಡೆಯಿತು. ಗುರುವಿನ ವಾಕ್ಯವನ್ನು ಪೂರ್ತಿಯಾಗಿ ಉದ್ಧರಿಸಿ, ಅದರ ಅರ್ಥ ಬಿಡಿಸಿ, ಆಮೇಲೆ ‘ಇದು ಸರಿಯಲ್ಲ’ ಎನ್ನುವ ಕ್ರಮ ಅದು. ಅಲ್ಲಿ ಅದಬೂ ಇದೆ, ಭಿನ್ನಮತವೂ ಇದೆ. ತಕ್ಲೀದ್ ಮತ್ತು ಇಜ್ತಿಹಾದ್ ಎಂದು ನಾವು ಎರಡು ಬಣ ಮಾಡಿಕೊಂಡು ಜಗಳವಾಡುತ್ತೇವಲ್ಲ, ಇವೆರಡೂ ಒಂದೇ ಪುಟದಲ್ಲಿ ಹೇಗೆ ಬಾಳಬಲ್ಲವು ಎಂಬುದಕ್ಕೆ ಈ ಪುಸ್ತಕ ನಿದರ್ಶನ.

ಇಂಥ ಓದಿಗೆ ಅವರಿಗಿಂತ ಮೊದಲೇ ದಾರಿ ಬಿದ್ದಿತ್ತು. ಬಾಗ್ದಾದಿನ ಅಬ್ದುಲ್ ಲತೀಫ್ ಎಂಬ ವಿದ್ವಾಂಸರು 1200ರಿಂದ 1202ರವರೆಗೆ ಈಜಿಪ್ಟಿನಲ್ಲಿ ಭೀಕರ ಬರಗಾಲವನ್ನು ಕಣ್ಣಾರೆ ಕಂಡರು. ನೈಲ್ ನದಿ ಏರಲಿಲ್ಲ. ಜನ ಜನರನ್ನೇ ತಿಂದರು ಎಂದು ಅವರು ಬರೆದಿದ್ದಾರೆ. ಸತ್ತವರನ್ನು ಹೂಳಲೂ ಜನರಿಲ್ಲದೆ ಊರ ಹೊರಗೆ ಎಲುಬುಗಳ ಗುಡ್ಡೆ ಬಿದ್ದಿತ್ತು. ಅಲ್ಲಿ ಅವರು ತಲೆಬುರುಡೆಗಳನ್ನು ಎತ್ತಿ ನೋಡಿದರು. ಕೆಳದವಡೆ ಎರಡು ಎಲುಬುಗಳ ಜೋಡಣೆ ಎಂದಿದ್ದರು ಗ್ಯಾಲನ್. ಇವರು ಒಂದಲ್ಲ ಎರಡಲ್ಲ, ಸಾವಿರಾರು ಬುರುಡೆಗಳನ್ನು ಪರೀಕ್ಷಿಸಿದರು, ಬೇರೆಯವರಿಂದಲೂ ಮಾಡಿಸಿದರು. ಎಲ್ಲಿಯೂ ಜೋಡಣೆಯ ಗೆರೆ ಕಾಣಲಿಲ್ಲ. ದವಡೆ ಒಂದೇ ಎಲುಬು. ಗ್ಯಾಲನ್ ಎಷ್ಟೇ ದೊಡ್ಡವರಾದರೂ ಇಂದ್ರಿಯಗಳು ಕೊಡುವ ಸಾಕ್ಷ್ಯ ಅವರಿಗಿಂತ ನಂಬಿಕಸ್ಥವಾದದ್ದು ಎಂಬ ಭಾವದ ಮಾತನ್ನು ಅವರು ಬರೆದಿಟ್ಟರು. ಹಸಿವಿನಿಂದ ಸತ್ತವರ ಎಲುಬುಗಳ ನಡುವೆ ನಿಂತು ಬರೆದ ಮಾತು ಅದು.

ಈಗ ತೊಡಕಿನ ವಿಷಯಕ್ಕೆ ಬರೋಣ. ಇಬ್ನ್ ನಫೀಸ್ ಹೆಣ ಕೊಯ್ದು ನೋಡಿದ್ದರೇ? ಅವರ ಮುನ್ನುಡಿಯೇ ಇಲ್ಲ ಎನ್ನುತ್ತದೆ. ಶರೀಅತ್ತಿನ ತಡೆ ಮತ್ತು ತನ್ನೊಳಗಿನ ದಯೆ, ಇವೆರಡೂ ತನ್ನನ್ನು ಆ ಕೆಲಸದಿಂದ ದೂರ ಇಟ್ಟವು ಎನ್ನುತ್ತಾರೆ. ಆದರೆ ಪುಸ್ತಕದ ಒಳಗೆ ಹಲವು ಕಡೆ, ಛೇದನ ಮಾಡಿ ನೋಡಿದರೆ ಅವರ ಮಾತು ಸುಳ್ಳೆಂದು ತಿಳಿಯುತ್ತದೆ ಎಂಬ ಧಾಟಿಯ ವಾದ ಬರುತ್ತದೆ. ಇದನ್ನು ಹಿಡಿದುಕೊಂಡು ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಒಬ್ಬರು, ಅವರು ಗುಟ್ಟಾಗಿ ಛೇದನ ಮಾಡಿರಲೇಬೇಕು ಎನ್ನುತ್ತಾರೆ. ಇನ್ನೊಬ್ಬರು, ಮುನ್ನುಡಿಯನ್ನು ಎತ್ತಿ ತೋರಿಸಿ, ಇಸ್ಲಾಂ ಧರ್ಮವೇ ವಿಜ್ಞಾನದ ಕೈ ಕಟ್ಟಿಹಾಕಿತು ಎನ್ನುತ್ತಾರೆ. ಮೊದಲನೆಯವರು ಲೇಖಕರ ಮಾತನ್ನೇ ನಂಬುವುದಿಲ್ಲ. ಎರಡನೆಯವರು ಅದರಲ್ಲಿ ಅರ್ಧವನ್ನು ಮಾತ್ರ ಓದುತ್ತಾರೆ. ಇಬ್ಬರೂ ‘ದಯೆ’ ಎಂಬ ಪದವನ್ನು ದಾಟಿಕೊಂಡು ಹೋಗುತ್ತಾರೆ.

ಧರ್ಮ ಕೈ ಕಟ್ಟಿತು ಎಂಬ ವಾದಕ್ಕೆ ಚರಿತ್ರೆಯಲ್ಲೇ ಉತ್ತರ ಇದೆ. ಗ್ಯಾಲನ್ ಕಾಲದ ರೋಮಿನಲ್ಲಿ ಇಸ್ಲಾಂ ಇರಲಿಲ್ಲ. ಆದರೂ ಮನುಷ್ಯರ ಹೆಣ ಕೊಯ್ಯುವ ರೂಢಿ ಅಲ್ಲಿಯೂ ಇಲ್ಲದೆ ಅವರು ಕೋತಿ, ಹಂದಿಗಳನ್ನು ಕೊಯ್ದು ಕಲಿತರು. ಅವರ ತಪ್ಪುಗಳಲ್ಲಿ ಹಲವು ಬಂದದ್ದು ಹೀಗೆ. ಇನ್ನು ಬೊಲೊನ್ಯಾದ ಮೊಂಡೀನೊ ತಮ್ಮ ಕೈಯಾರೆ ಮನುಷ್ಯದೇಹವನ್ನು ಕೊಯ್ದವರು. 1316ರಲ್ಲಿ ಅಂಗರಚನೆಯ ಕೈಪಿಡಿ ಬರೆದವರು. ಆದರೆ ಆ ಕೈಪಿಡಿಯಲ್ಲೂ ಹೃದಯಕ್ಕೆ ಮೂರು ಕೋಣೆ! ಹೃದಯ ಅವರ ಎದುರಿಗೇ ತೆರೆದುಕೊಂಡು ಬಿದ್ದಿತ್ತು, ಆದರೆ ಕಣ್ಣು ಇದ್ದದ್ದು ಪುಸ್ತಕದಲ್ಲಿ. ಕತ್ತಿ ಹಿಡಿದವರಿಗೆ ಕಾಣದೆ ಹೋದದ್ದು, ಹಿಡಿಯಲಿಲ್ಲ ಎಂದವರಿಗೆ ಮುಕ್ಕಾಲು ಶತಮಾನ ಮೊದಲೇ ಹೊಳೆದಿತ್ತು.

ಯುರೋಪಿನಲ್ಲಿ ಈ ಕಣ್ಣು ತೆರೆಸಿದವರು ವೆಸಾಲಿಯಸ್. ಗುರುಗಳು ಎತ್ತರದ ಪೀಠದಲ್ಲಿ ಕುಳಿತು ಗ್ಯಾಲನ್ ಓದುವುದು, ಕೆಳಗೆ ಕ್ಷೌರಿಕ ಹೆಣ ಕೊಯ್ಯುವುದು ಅಂದಿನ ಪಾಠಕ್ರಮ. ವೆಸಾಲಿಯಸ್ ಪೀಠದಿಂದ ಕೆಳಗಿಳಿದು ಕತ್ತಿಯನ್ನು ತಾವೇ ಹಿಡಿದರು. 1543ರಲ್ಲಿ, ಇಪ್ಪತ್ತೆಂಟರ ಪ್ರಾಯದಲ್ಲಿ, ‘ಫ್ಯಾಬ್ರಿಕಾ’ ಎಂಬ ಬೃಹತ್ ಸಚಿತ್ರ ಗ್ರಂಥವನ್ನು ಹೊರತಂದು ಗ್ಯಾಲನ್‌ರ ತಪ್ಪುಗಳನ್ನು ಸಾಲಾಗಿ ತೋರಿಸಿಕೊಟ್ಟರು. ಆದರೆ ಹೃದಯದ ಗೋಡೆಯ ಮುಂದೆ ಅವರೂ ತಡವರಿಸಿದರು. ಕಾಣದ ರಂಧ್ರಗಳಿಂದ ರಕ್ತ ಬೆವರುವಂತೆ ಮಾಡಿದ ದೇವರ ಕುಶಲತೆಯೇ ಅಚ್ಚರಿ ಎಂಬಂತೆ ಬರೆದು ದಾಟಿಕೊಂಡರು. ಅದರಲ್ಲಿ ಕುಹಕವೂ ಇರಬಹುದು. ಸಂದೇಹವನ್ನು ಬಾಯಿಬಿಟ್ಟು ಹೇಳಿದ್ದು 1555ರ ಎರಡನೆಯ ಆವೃತ್ತಿಯಲ್ಲಿ. ಅಷ್ಟರೊಳಗೆ 1553ರಲ್ಲಿ ಮೈಕೆಲ್ ಸರ್ವೇಟಸ್ ಶ್ವಾಸಕೋಶದ ದಾರಿಯನ್ನು ತಮ್ಮ ಧರ್ಮಚಿಂತನೆಯ ಗ್ರಂಥದಲ್ಲಿ ಬರೆದಿದ್ದರು. ಆ ವರ್ಷವೇ ಧರ್ಮದ್ರೋಹದ ಆರೋಪ ಹೊತ್ತು ಜಿನೀವಾದಲ್ಲಿ ಜೀವಂತ ಸುಡಲ್ಪಟ್ಟರು. ಕೊಲಂಬೊ ಅವರ ಪುಸ್ತಕ ಬಂದದ್ದು 1559ರಲ್ಲಿ. ಇವರಿಗೆಲ್ಲ ಇಬ್ನ್ ನಫೀಸ್ ವಿಚಾರ ತಲುಪಿತ್ತು ಎನ್ನಲು ನೇರ ಸಾಕ್ಷ್ಯ ಸಿಕ್ಕಿಲ್ಲ. ಆದ್ದರಿಂದ ‘ಕದ್ದರು’ ಎಂದು ಕೂಗುವ ಹಕ್ಕು ನಮಗಿಲ್ಲ.

ಹಾರ್ವೆ ಜೊತೆಗಿನ ಹೋಲಿಕೆಯೂ ಅಷ್ಟೆ. 1628ರಲ್ಲಿ ಹಾರ್ವೆ ತೋರಿಸಿದ್ದು ಇಡೀ ದೇಹದ ಸುತ್ತು. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಹಾಕುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಷ್ಟು ರಕ್ತವನ್ನು ತಿಂದ ಅನ್ನದಿಂದ ಕ್ಷಣಕ್ಷಣಕ್ಕೂ ಹುಟ್ಟಿಸಲು ಸಾಧ್ಯವಿಲ್ಲ, ಹಾಗಾಗಿ ಅದೇ ರಕ್ತ ಮತ್ತೆ ಮತ್ತೆ ತಿರುಗಿ ಬರುತ್ತಿದೆ ಎಂದು ಸಾಧಿಸಿದರು. ತೋಳಿಗೆ ಪಟ್ಟಿ ಬಿಗಿದು ನಾಳಗಳ ಕವಾಟಗಳು ಯಾವ ಕಡೆಗೆ ತೆರೆಯುತ್ತವೆ ಎಂದು ತೋರಿಸಿದರು. ಇಬ್ನ್ ನಫೀಸ್ ಈ ಯಾವುದನ್ನೂ ಹೇಳಿಲ್ಲ. ಅವರು ಕಂಡದ್ದು ಹೃದಯದಿಂದ ಶ್ವಾಸಕೋಶಕ್ಕೆ, ಶ್ವಾಸಕೋಶದಿಂದ ಹೃದಯಕ್ಕೆ ಇರುವ ದಾರಿ. ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ ಎಂಬ ಹಳೆಯ ನಂಬಿಕೆ ಅವರಲ್ಲೂ ಉಳಿದಿತ್ತು. ಎಡ ಕೋಣೆಯಲ್ಲಿ ರಕ್ತ ಮತ್ತು ಗಾಳಿ ಸೇರಿ ‘ರೂಹ್’ ಎಂಬ ಸೂಕ್ಷ್ಮ ಪ್ರಾಣತತ್ವ ಉಂಟಾಗುತ್ತದೆ ಎಂಬುದೇ ಅವರ ವಾದದ ನಡುಗಂಬ. ಅವರ ದೇಹವಿಚಾರ ಮತ್ತು ಆತ್ಮವಿಚಾರಗಳನ್ನು ಬೇರ್ಪಡಿಸಿ ಓದಲಾಗದು ಎಂದು ನಹ್ಯಾನ್ ಫ್ಯಾನ್ಸಿ ತಮ್ಮ 2013ರ ಅಧ್ಯಯನದಲ್ಲಿ ವಾದಿಸಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತದೆ. ಇಂದಿನ ಲ್ಯಾಬ್ ಕೋಟನ್ನು ಅವರ ಮೈಮೇಲೆ ತೊಡಿಸಿ ಮೆರವಣಿಗೆ ಮಾಡುವುದು ಗೌರವವಲ್ಲ. ನಮ್ಮ ಕೀಳರಿಮೆಗೆ ಅವರನ್ನು ಔಷಧಿಯಾಗಿ ಬಳಸಿಕೊಳ್ಳುತ್ತಿದ್ದೇವೆ ಅಷ್ಟೆ.

ಹೆಮ್ಮೆಪಡುವ ನಾವು ಇನ್ನೊಂದು ಸತ್ಯವನ್ನೂ ನುಂಗಿಕೊಳ್ಳಬೇಕು. ಇಬ್ನ್ ನಫೀಸ್ ಬರೆದದ್ದನ್ನು ನಂತರದ ಕೆಲವು ವ್ಯಾಖ್ಯಾನಕಾರರು ಬಲ್ಲರು ನಿಜ. ಆದರೆ ವೈದ್ಯಪಾಠದ ಮುಖ್ಯ ಹರಿವನ್ನು ಅದು ಬದಲಿಸಲಿಲ್ಲ. ಹಸ್ತಪ್ರತಿಗಳು ಗ್ರಂಥಾಲಯಗಳಲ್ಲಿ ಮಲಗಿದವು. ಆಧುನಿಕ ಜಗತ್ತಿಗೆ ಅವರನ್ನು ಎಬ್ಬಿಸಿ ತಂದವರು ಜರ್ಮನಿಗೆ ಓದಲು ಹೋಗಿದ್ದ ಈಜಿಪ್ಟಿನ ತರುಣ ವೈದ್ಯ ಮುಹಿಯುದ್ದೀನ್ ಅಲ್ ತತಾವಿ. ಬರ್ಲಿನ್ನಿನಲ್ಲಿದ್ದ ಹಸ್ತಪ್ರತಿಯನ್ನು ಓದಿ, 1924ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಇದನ್ನು ಬೆಳಕಿಗೆ ತಂದರು. ಅದನ್ನು ವಿದ್ವತ್‌ಲೋಕಕ್ಕೆ ಸಾರಿದವರು ಯಹೂದಿ ಮನೆತನದಲ್ಲಿ ಹುಟ್ಟಿ ಕೈರೋದಲ್ಲಿ ಕಣ್ಣಿನ ವೈದ್ಯರಾಗಿದ್ದ ಮ್ಯಾಕ್ಸ್ ಮೆಯರ್‌ಹಾಫ್. ಜ್ಞಾನಕ್ಕೆ ‘ನಮ್ಮದು’ ಎಂದು ಬೇಲಿ ಹಾಕುವವರು ಈ ದಾರಿಯನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಮತ್ತೆ ಆ ‘ದಯೆ’ ಎಂಬ ಪದಕ್ಕೆ ಬರುತ್ತೇನೆ. ಛೇದನವಿಲ್ಲದೆ ವೈದ್ಯವಿದ್ಯೆ ಈ ಮಟ್ಟಕ್ಕೆ ಬೆಳೆಯುತ್ತಿರಲಿಲ್ಲ. ಇದರಲ್ಲಿ ಅನುಮಾನವಿಲ್ಲ. ಆದರೆ ಯಾರ ದೇಹ? ವೆಸಾಲಿಯಸ್ ಮೇಜಿನ ಮೇಲೆ ಮಲಗಿದವರಲ್ಲಿ ಹೆಚ್ಚಿನವರು ಗಲ್ಲಿಗೇರಿದವರು. ಎಡಿನ್‌ಬರೋದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಜನರನ್ನು ಕೊಂದು ಹೆಣಗಳನ್ನು ಅಂಗರಚನೆಯ ಪಾಠಶಾಲೆಗೆ ಮಾರಿದರು. ಈ ಹಗರಣದ ನಂತರ ಬ್ರಿಟನ್ 1832ರಲ್ಲಿ ತಂದ ಕಾಯಿದೆ ಕಳ್ಳಸಾಗಣೆ ತಪ್ಪಿಸಿತು, ಆದರೆ ವಾರಸುದಾರರಿಲ್ಲದ ಬಡವರ ಹೆಣಗಳನ್ನು ಛೇದನದ ಮೇಜಿಗೆ ಸಾಗಿಸಿತು. ವಿಯೆನ್ನಾದಲ್ಲಿ ಪೆರ್ನ್‌ಕಾಫ್ ತಯಾರಿಸಿದ ಅಂಗರಚನೆಯ ಚಿತ್ರಸಂಪುಟ ಸೌಂದರ್ಯಕ್ಕೆ ಹೆಸರಾದದ್ದು. ಅದರ ಕೆಲವು ಚಿತ್ರಕಾರರ ಸಹಿಯಲ್ಲೇ ಸ್ವಸ್ತಿಕ ಇತ್ತು. ನಾಜಿ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದ ಕನಿಷ್ಠ 1377 ಜನರ ದೇಹಗಳು ಆ ಸಂಸ್ಥೆಗೆ ಹೋಗಿದ್ದವು ಎಂದು ಆ ವಿಶ್ವವಿದ್ಯಾಲಯವೇ 1998ರಲ್ಲಿ ತನಿಖೆ ಮುಗಿಸಿ ಹೇಳಿತು. ನಮ್ಮ ದೇಶದಿಂದಲೂ ಮನುಷ್ಯರ ಅಸ್ಥಿಪಂಜರಗಳು ರಾಶಿಗಟ್ಟಲೆ ಪರದೇಶಗಳ ವೈದ್ಯ ಕಾಲೇಜುಗಳಿಗೆ ಹೋಗುತ್ತಿದ್ದವು. ಸರ್ಕಾರ ಆ ರಫ್ತನ್ನು ನಿಷೇಧಿಸಿದ್ದು 1985ರಲ್ಲಿ. ನಮ್ಮ ರಾಜ್ಯದ 1957ರ ಅಂಗರಚನಾ ಕಾಯಿದೆಯ ಆಧಾರವೂ ವಾರಸುದಾರರಿಲ್ಲದ ಹೆಣಗಳೇ. ಬಸ್‌ಸ್ಟ್ಯಾಂಡಿನಲ್ಲಿ, ರೈಲ್ವೆ ಹಳಿಯ ಪಕ್ಕದಲ್ಲಿ ಹೆಸರಿಲ್ಲದೆ ಸತ್ತವರು ನಮ್ಮ ಮಕ್ಕಳನ್ನು ಡಾಕ್ಟರಾಗಿಸಿದ್ದಾರೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಸತ್ತವರ ದೇಹಕ್ಕೂ ಬದುಕಿರುವವರ ದೇಹದಷ್ಟೇ ಮಾನ ಸಲ್ಲಬೇಕೆಂಬುದು ಪ್ರವಾದಿಯವರ (ಸ) ಬೋಧನೆಯ ತಿರುಳು. ದೇಹದಾನದ ಬಗ್ಗೆ ನಮ್ಮ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯನ್ನು ಬಲ್ಲವರು ಮುಂದುವರಿಸಲಿ. ಆದರೆ ಚರ್ಚೆ ನಡೆಯಬೇಕು. ನಮ್ಮ ಹೆಣ ಬೇಡ, ವಾರಸುದಾರರಿಲ್ಲದ ಬಡವನದ್ದು ಇರಲಿ ಎಂಬ ಮೌನದಲ್ಲಿ ಧರ್ಮನಿಷ್ಠೆ ಎಷ್ಟಿದೆ, ಅನುಕೂಲ ಎಷ್ಟಿದೆ ಎಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು. 2010ರಲ್ಲಿ ಬೆಳಗಾವಿಯಲ್ಲಿ ಆಯುರ್ವೇದ ವೈದ್ಯರೊಬ್ಬರು, ತಂದೆಯವರು ಬರೆದಿಟ್ಟ ಇಚ್ಛೆಯಂತೆ, ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಮಾಡಿದರು. ಮಗನ ಕೈಯಲ್ಲಿ ಕತ್ತಿಯಿತ್ತು. ಮೇಜಿನ ಮೇಲಿದ್ದ ದೇಹಕ್ಕೆ ಹೆಸರಿತ್ತು, ಇಚ್ಛೆಯಿತ್ತು.

ಇಬ್ನ್ ನಫೀಸ್ ಸಾಯುವಾಗ ತಮ್ಮ ಮನೆ ಮತ್ತು ಪುಸ್ತಕಗಳನ್ನು ಕೈರೋದ ಮನ್ಸೂರಿ ಆಸ್ಪತ್ರೆಗೆ ಬರೆದುಕೊಟ್ಟರು. ಪುಸ್ತಕಗಳನ್ನು ಓದುವವರಿಗೆ ಬಿಟ್ಟುಹೋದವರನ್ನು ನಾವು ಚಪ್ಪಾಳೆಯಲ್ಲಿ ಮುಗಿಸಿಬಿಟ್ಟಿದ್ದೇವೆ. ಅವರ ಹೆಸರನ್ನು ಇನ್ನೊಮ್ಮೆ ಕೂಗುವ ಮೊದಲು ಅವರ ಎರಡು ಮಾತುಗಳನ್ನು ಜೊತೆಯಾಗಿ ಓದೋಣ: ಗುರು ಹೇಳಿದ ರಂಧ್ರ ಗೋಡೆಯಲ್ಲಿ ಇಲ್ಲ ಎಂಬುದು ಒಂದು, ಸತ್ತವರ ಮೇಲೆ ತನಗೆ ದಯೆ ಇದೆ ಎಂಬುದು ಇನ್ನೊಂದು.