ಅಲ್ಪವೆಚ್ಚದ ಪ್ರೇತಚಿತ್ರಗಳೂ ಭಯಾನಕ ರಸವೂ

ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕಕ್ಕೆ ನಮ್ಮ ವಿಮರ್ಶೆಯಲ್ಲಿ ದೊರೆತಿರುವ ಸ್ಥಳ ಬಹು ಸ್ವಲ್ಪ. ಶೃಂಗಾರ, ವೀರ, ಕರುಣಗಳನ್ನು ಕುರಿತು ವಿಸ್ತಾರವಾದ ಚರ್ಚೆ ನಡೆದಿದೆ. ಭಯಾನಕವನ್ನು ಮಾತ್ರ ಪಟ್ಟಿಯಲ್ಲಿ ಹೆಸರಿಸಿ ಮುಂದೆ ಸಾಗುವುದು ವಾಡಿಕೆ. ಪಂಡಿತರು ಹೀಗೆ ಕೈಬಿಟ್ಟ ರಸವನ್ನು ಜನಸಾಮಾನ್ಯರು ಕೈಬಿಟ್ಟಿಲ್ಲ. ಕಡಮೆ ಹಣದಲ್ಲಿ ತಯಾರಾಗಿ, ಕೆಲವು ದಿನ ಓಡಿ, ಹೆಸರೂ ನೆನಪಿನಲ್ಲಿ ಉಳಿಯದಂತೆ ಮರೆಯಾದ ಪ್ರೇತಚಿತ್ರಗಳನ್ನು ಹುಡುಕಿ ಹುಡುಕಿ ನೋಡುವ ರಸಿಕವರ್ಗವೊಂದು ಇದ್ದೇ ಇದೆ. ಆ ವರ್ಗಕ್ಕೆ ದೊರೆಯುವ ಸಂತೋಷ ಯಾವುದು, ಪದೇ ಪದೇ ಒದಗುವ ಆಶಾಭಂಗಕ್ಕೆ ಕಾರಣವೇನು ಎಂಬುದು ವಿಚಾರಾರ್ಹ. ಕೊಚ್ಚಿಯ ಹಳೆಯ ಬಂದರು ಪೇಟೆಯಾದ ಮಟ್ಟಾಂಚೇರಿಯೊಡನೆ ಸಂಬಂಧವುಳ್ಳ ಒಂದೆರಡು ಮಲೆಯಾಳ ಚಿತ್ರಗಳು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿವೆ.

ಆಶಾಭಂಗಕ್ಕೆ ಹಣದ ಕೊರತೆಯೇ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ಮುಂಬಯಿಯ ರಾಮ್ಸೆ ಸಹೋದರರು ‘ದೋ ಗಜ್ ಜಮೀನ್ ಕೇ ನೀಚೇ’ (1972) ಚಿತ್ರವನ್ನು ತಯಾರಿಸಿದಾಗ ನಿರ್ದೇಶನ, ಛಾಯಾಗ್ರಹಣ, ಧ್ವನಿಗ್ರಹಣ ಮೊದಲಾದ ಕೆಲಸಗಳನ್ನು ಮನೆಯ ಮಂದಿಯೇ ಹಂಚಿಕೊಂಡರು. ದುಬಾರಿಯಾದ ಸೆಟ್ಟುಗಳನ್ನು ಕಟ್ಟಿಸದೆ ಮಹಾಬಲೇಶ್ವರದಲ್ಲಿ ತಂಗಿ ಚಿತ್ರೀಕರಣ ನಡೆಸಿದರು. ಇಂಥ ಚಿತ್ರಗಳಲ್ಲಿ ಬಾಗಿಲು ಕಿರುಗುಟ್ಟುವಾಗ, ಹೆಜ್ಜೆಯ ಸಪ್ಪಳ ಮಾತ್ರ ಕೇಳುವಾಗ ಪ್ರೇಕ್ಷಕನ ಎದೆ ನಿಜವಾಗಿ ಬಡಿದುಕೊಳ್ಳುತ್ತದೆ. ಬಣ್ಣ ಬಳಿದ ಮುಖವಾಡ ಬೆಳಕಿಗೆ ಬಂದೊಡನೆ ಅದೇ ಪ್ರೇಕ್ಷಕ ನಗುತ್ತಾನೆ. ರಸದ ಆಭಾಸದಿಂದ ಹಾಸ್ಯ ಹುಟ್ಟುವುದೆಂದು ಅಭಿನವಗುಪ್ತನು ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆದರೆ ಆಭಾಸಕ್ಕೆ ಮೂಲ ಅನೌಚಿತ್ಯವೇ ಹೊರತು ಬಡತನವಲ್ಲ. ಅಮೆರಿಕದಲ್ಲಿ 1942ರಲ್ಲಿ ವಾಲ್ ಲ್ಯೂಟನ್ ಎಂಬ ನಿರ್ಮಾಪಕನು ಅಲ್ಪವೆಚ್ಚದಲ್ಲಿ ತಯಾರಿಸಿದ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಮೃಗವು ಬಹುಮಟ್ಟಿಗೆ ನೆರಳಾಗಿ, ಧ್ವನಿಯಾಗಿ ಮಾತ್ರ ಸುಳಿಯುತ್ತದೆ. ಆ ಚಿತ್ರವನ್ನು ಕಂಡು ಯಾರೂ ನಕ್ಕು ಹೊರಬರುವುದಿಲ್ಲ. ಭಯಾನಕದಲ್ಲಿ ವಿಭಾವವು ಮರೆಯಲ್ಲಿದ್ದಷ್ಟೂ ಬಲ ಹೆಚ್ಚು. ಕತ್ತಲೆಗೆ ನಿರ್ಮಾಪಕನು ಹಣ ತೆರಬೇಕಾಗಿಲ್ಲ.

ಮಲೆಯಾಳದ ಮೊದಲ ಪ್ರೇತಚಿತ್ರವೆಂದು ಸಾಮಾನ್ಯವಾಗಿ ಪರಿಗಣಿತವಾದ ‘ಭಾರ್ಗವೀನಿಲಯಂ’ (1964) ಈ ಸತ್ಯವನ್ನು ಅರಿತ ಕೃತಿ. ಇದರ ನಿರ್ಮಾಪಕರಾದ ಟಿ. ಕೆ. ಪರೀಕುಟ್ಟಿ ಮಟ್ಟಾಂಚೇರಿಗೆ ಹೊಂದಿಕೊಂಡ ಕೋಟೆ ಕೊಚ್ಚಿಯವರು, ನಿರ್ದೇಶಕರು ಎ. ವಿನ್ಸೆಂಟ್. ವೈಕಂ ಮುಹಮ್ಮದ್ ಬಷೀರ್ ತಮ್ಮ ‘ನೀಲವೆಳಿಚ್ಚಂ’ ಕಥೆಯನ್ನೇ ಬೆಳೆಸಿ ಚಿತ್ರಕಥೆಯನ್ನು ಬರೆದುಕೊಟ್ಟರು. ಪಾಳುಮನೆಯೊಂದನ್ನು ಬಾಡಿಗೆಗೆ ಹಿಡಿದ ಸಾಹಿತಿ ಅಲ್ಲಿನ ಪ್ರೇತದೊಡನೆ ಮನೆಯವಳೊಡನೆಂಬಂತೆ ವಿನಯದಿಂದ ಮಾತನಾಡುತ್ತಾನೆ. ಅವಳ ಕಥೆಯನ್ನು ಬರೆಯಲು ತೊಡಗಿ ಅವಳ ಸಾವಿನ ನಿಜವನ್ನು ಕಂಡುಕೊಳ್ಳುತ್ತಾನೆ. ಮೂಲಕಥೆಯಲ್ಲಿ ಸೀಮೆಎಣ್ಣೆ ತೀರಿ ದೀಪ ಆರುತ್ತದೆ. ಎಣ್ಣೆ ತರಲು ಹೋದವನು ಹಿಂದಿರುಗಿದಾಗ ಕೋಣೆಯ ತುಂಬ ನೀಲಿಯ ಬೆಳಕು ತುಂಬಿರುತ್ತದೆ. ಕಪ್ಪುಬಿಳುಪಿನ ಚಿತ್ರಕ್ಕೆ ಆ ನೀಲಿಯನ್ನು ತೋರಿಸುವ ಸಾಮರ್ಥ್ಯವೇ ಇರಲಿಲ್ಲ. ಆ ಬಣ್ಣವನ್ನು ಪ್ರೇಕ್ಷಕನ ಕಲ್ಪನೆಯೇ ತುಂಬಿಕೊಳ್ಳಬೇಕು. ಸಾಧನದ ಕೊರತೆಯು ಇಲ್ಲಿ ರಸಕ್ಕೆ ಸಹಾಯಕವಾಗಿದೆ. ಆಶಿಕ್ ಅಬು 2023ರಲ್ಲಿ ಇದೇ ಕಥೆಯನ್ನು ವರ್ಣದಲ್ಲಿ ಮತ್ತೆ ತೆಗೆದರು. ನೀಲಿ ಬಣ್ಣ ಕಣ್ಣಿಗೆ ಬಿದ್ದಿತು, ಕಲ್ಪನೆಗೆ ಕೆಲಸ ಕಡಮೆಯಾಯಿತು.

ಮುಂದಿನ ದಶಕಗಳಲ್ಲಿ ಬಂದ ‘ಲೀಸಾ’ (1978), ‘ಕಳ್ಳಿಯಂಕಾಟ್ಟು ನೀಲಿ’ (1979) ಮೊದಲಾದ ಚಿತ್ರಗಳ ಕಾಲಕ್ಕೆ ಬಿಳಿಯ ಸೀರೆ, ಬಿಚ್ಚಿದ ಕೂದಲು, ದೂರದ ಹಾಡು ಇವು ಪ್ರೇತದ ಸಮವಸ್ತ್ರದಂತಾಗಿದ್ದುವು. ಕನ್ನಡದಲ್ಲಿಯೂ ‘ನಾ ನಿನ್ನ ಬಿಡಲಾರೆ’ (1979) ಜನಮನವನ್ನು ನಡುಗಿಸಿತು. ಆದರೆ ಅಲ್ಲಿ ಹುಟ್ಟಿದ ಭಯವು ಕೊನೆಗೆ ಮಂತ್ರಾಲಯದಲ್ಲಿ ರಾಘವೇಂದ್ರಸ್ವಾಮಿಗಳ ಸನ್ನಿಧಿಯಲ್ಲಿ ಭಕ್ತಿಯಾಗಿ ಶಮನವಾಗುತ್ತದೆ. ಇದನ್ನು ಕೆಲವರು ದೌರ್ಬಲ್ಯವೆಂದಾರು. ಆದರೂ ಕನ್ನಡ ಪ್ರೇಕ್ಷಕನಿಗೆ ಆ ಶರಣು ಪರಕೀಯವಲ್ಲ. ಆಪತ್ತಿನಲ್ಲಿ ಅವನು ಹೋಗುವ ಬಾಗಿಲೇ ಅದು. ‘6-5=2’ (2013) ಎಂಬ ಅಲ್ಪವೆಚ್ಚದ ಕನ್ನಡ ಚಿತ್ರವು ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ದೊರೆತ ದೃಶ್ಯಗಳೆಂಬ ಸೋಗಿನಿಂದ ಬಂದಿತು. ಈ ತಂತ್ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಚಿತ್ರದಿಂದ ಪ್ರಸಿದ್ಧವಾದುದು. ಹಾಗಿದ್ದರೂ ಕಾಡು ನಮ್ಮದು, ಗೆಳೆಯರ ಮಾತು ನಮ್ಮದು. ಎರವಲು ತಂತ್ರಕ್ಕೆ ನೆಲದ ಆಸರೆ ಸಿಕ್ಕಿತು.

ಈ ನೆಲದ ಆಸರೆ ತಪ್ಪಿದರೆ ಹಣವಿದ್ದೂ ಆಶಾಭಂಗವಾಗುವುದಕ್ಕೆ ಮಟ್ಟಾಂಚೇರಿಯ ಹಿನ್ನೆಲೆಯುಳ್ಳ ‘ಎಜ್ರಾ’ (2017) ಸಾಕ್ಷಿ. ಜಯ್ ಕೆ. ನಿರ್ದೇಶಿಸಿದ ಈ ಚಿತ್ರ ಅಲ್ಪವೆಚ್ಚದ್ದಲ್ಲ. ಪೃಥ್ವಿರಾಜರಂಥ ತಾರೆಯೂ ತಾಂತ್ರಿಕ ಸೌಕರ್ಯವೂ ಇದಕ್ಕಿದ್ದುವು. ಹಳೆಯ ಸಾಮಾನುಗಳ ಅಂಗಡಿಯಿಂದ ದಂಪತಿಗಳ ಮನೆಗೆ ಬಂದ ಪೆಟ್ಟಿಗೆಯೊಂದರಲ್ಲಿ ಯೆಹೂದಿ ಯುವಕನ ಆತ್ಮ ಬಂಧಿತವಾಗಿರುತ್ತದೆ. ಆತ್ಮವು ಹೊಕ್ಕಿರುವುದು ಹೆಂಡತಿಯನ್ನೆಂದು ನಂಬಿಸಿ, ಗಂಡನಲ್ಲಿ ಅದನ್ನು ತೋರಿಸುವ ತಿರುವು ಜಾಣತನದ್ದೇ. ಆದರೆ ‘ಡಿಬ್ಬುಕ್’ ಎಂಬ ಆ ಪ್ರೇತ ಪೂರ್ವ ಯೂರೋಪಿನ ಯೆಹೂದಿಗಳ ಜನಪದದಲ್ಲಿ ಬೆಳೆದುದು; 1937ರಲ್ಲಿಯೇ ಪೋಲೆಂಡಿನಲ್ಲಿ ಅದರ ಮೇಲೆ ಯಿಡ್ಡಿಷ್ ಭಾಷೆಯ ಚಿತ್ರ ಬಂದಿತ್ತು. ಡಿಬ್ಬುಕ್ಕಿನ ಪೆಟ್ಟಿಗೆಯಾದರೋ ಜನಪದವೂ ಅಲ್ಲ: ಅಮೆರಿಕದ ವ್ಯಾಪಾರಿಯೊಬ್ಬನು 2003ರಲ್ಲಿ ಈಬೇ ಜಾಲತಾಣದಲ್ಲಿ ಪೆಟ್ಟಿಗೆಯೊಂದನ್ನು ಮಾರಲು ಕಟ್ಟಿದ ಕಥೆ ಅದು, 2021ರಲ್ಲಿ ಅವನೇ ಅದನ್ನು ಒಪ್ಪಿಕೊಂಡನು.

ಕೊಚ್ಚಿಯ ಯೆಹೂದಿಗಳ ಸ್ವಂತ ಕಥೆಯಾದರೂ ಬೇರೆ. 1568ರಲ್ಲಿ ಮಟ್ಟಾಂಚೇರಿಯಲ್ಲಿ ಕಟ್ಟಿದ ಪರದೇಶಿ ಸಿನಗಾಗಿನ ಸುತ್ತ ಬಾಳಿದ ಜನ ಅವರು. ಕೊಚ್ಚಿಯ ಯೆಹೂದಿ ಸ್ತ್ರೀಯರು ಮಲೆಯಾಳದಲ್ಲಿಯೇ ಹಾಡುಗಳನ್ನು ಹಾಡಿ ಉಳಿಸಿಕೊಂಡಿದ್ದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಹೆಚ್ಚಿನವರು ಅಲ್ಲಿಗೆ ವಲಸೆ ಹೋದರು. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಗಂಡಸರು ಕೂಡ ಊರಿನಲ್ಲಿ ಉಳಿಯಲಿಲ್ಲ. ಸಮುದಾಯ ಬರಿದಾದ ಬೀದಿಯಲ್ಲಿ ಹಳೆಯ ಸಾಮಾನುಗಳ ಅಂಗಡಿಗಳು ತುಂಬಿಕೊಂಡವು. ನಿಜವಾಗಿ ಎದೆ ನಡುಗಿಸುವ ಸಂಗತಿ ಇದು. ಚಿತ್ರವು ಆ ಅಂಗಡಿಯ ಬಾಗಿಲವರೆಗೆ ಬಂದು, ಒಳಗಿನ ದುಃಖವನ್ನು ಬಿಟ್ಟು, ಪೆಟ್ಟಿಗೆಯನ್ನು ಮಾತ್ರ ಎತ್ತಿಕೊಂಡು ಹೋಯಿತು.

ಪ್ರೇತವೇ ಬೇಕಾಗಿದ್ದರೂ ಮಟ್ಟಾಂಚೇರಿಯಲ್ಲಿ ಅದಕ್ಕೆ ಬರವಿರಲಿಲ್ಲ. ಡಚ್ಚರು 1663ರಲ್ಲಿ ಕೊಚ್ಚಿಯನ್ನು ಗೆಲ್ಲುವ ಕಾಲಕ್ಕೆ ಪೋರ್ತುಗೀಸರು ತಮ್ಮ ನಿಧಿಯನ್ನು ಗೋಡೆಗಳಲ್ಲಿ ಹುದುಗಿಸಿ, ಕಾವಲಿಗೆಂದು ಆಫ್ರಿಕದ ಗುಲಾಮರನ್ನು ಕೊಂದು ಜೊತೆಗಿಟ್ಟರೆಂದು ಅಲ್ಲಿನ ಐತಿಹ್ಯ. ಆ ಗುಲಾಮನೇ ‘ಕಾಪ್ಪಿರಿ ಮುತ್ತಪ್ಪನ್’. ವಿಗ್ರಹವಿಲ್ಲದ ಗೋಡೆಯೇ ಅವನ ಗುಡಿ. ಮೇಣದ ಬತ್ತಿ, ಚುಟ್ಟ, ಕಳ್ಳು ಅವನಿಗೆ ಸಲ್ಲುವ ಕಾಣಿಕೆ. ಬದುಕಿದ್ದಾಗ ಹೆಸರಿಲ್ಲದವನನ್ನು ಸತ್ತ ಮೇಲೆ ಊರು ಅಜ್ಜನೆಂದು ಕರೆದು ಋಣ ತೀರಿಸುತ್ತಿದೆ. ಪಂಜುರ್ಲಿ, ಕಲ್ಲುರ್ಟಿಯರಿಗೆ ಕೋಲ ಕೊಡುವ ತುಳುನಾಡಿನವರಿಗೆ ಈ ಭಾವ ಅರ್ಥವಾಗದಿರದು. ಒಂದು ಗೋಡೆ, ಒಂದು ದೀಪ, ಚುಟ್ಟದ ಕಿಡಿ: ಎಷ್ಟು ಬಡ ನಿರ್ಮಾಪಕನಿಗೂ ನಿಲುಕುವ ಸಾಮಗ್ರಿ ಇದು.

ರಾಹುಲ್ ಸದಾಶಿವನ್ ಅವರ ‘ಭೂತಕಾಲಂ’ (2022) ಈ ದಾರಿಯ ಸಾಧ್ಯತೆಯನ್ನು ತೋರಿಸಿದೆ. ಒಂದು ಸಾಧಾರಣ ಮನೆ, ಒಬ್ಬ ತಾಯಿ, ಒಬ್ಬ ಮಗ ಇಷ್ಟರಿಂದಲೇ ಚಿತ್ರ ನಡೆಯುತ್ತದೆ; ಕಾಡುವುದು ಪ್ರೇತವೋ ಮನೋವ್ಯಥೆಯೋ ಎಂಬ ಸಂದೇಹವು ಬಹುದೂರ ಉಳಿಯುತ್ತದೆ. ಕೊನೆಯಲ್ಲಿ ಪ್ರೇತವನ್ನು ಕಣ್ಣಿಗೆ ಕಾಣಿಸುವ ಆತುರ ಇಲ್ಲಿಯೂ ಇಣುಕಿದೆ. ಆದರೂ ಅಷ್ಟು ಹೊತ್ತಿಗೆ ಆ ಮನೆಯವರ ಒಂಟಿತನ ಪ್ರೇಕ್ಷಕನದೇ ಆಗಿರುವುದರಿಂದ ರಸಭಂಗವಾಗುವುದಿಲ್ಲ.

ಹೀಗೆ ನೋಡಿದರೆ, ಮರೆತುಹೋದ ಪ್ರೇತಚಿತ್ರಗಳನ್ನು ಅರಸುವ ರಸಿಕನ ಶ್ರಮ ವ್ಯರ್ಥವಲ್ಲ. ಕಳಪೆಯಾದ ಚಿತ್ರದಲ್ಲಿಯೂ ಒಂದೊಂದು ಸಲ ಯಾವುದೋ ಊರಿನ ನಿಜವಾದ ಭಯ ಅರೆಗಳಿಗೆ ಸುಳಿದುಹೋಗುತ್ತದೆ. ಅದಕ್ಕಾಗಿ ಉಳಿದ ಎರಡು ಗಂಟೆಗಳನ್ನು ಅವನು ಸಹಿಸುತ್ತಾನೆ. ಮುಖವಾಡ ಅಗ್ಗದ್ದಾದರೆ ಅವನು ನಕ್ಕು ಕ್ಷಮಿಸಿಯಾನು. ಆದರೆ ತೀರಿಹೋದವರ ಮನೆಯನ್ನು ಬಾಡಿಗೆಗೆ ಹಿಡಿದು ಅವರ ಕಥೆಯನ್ನು ಕೇಳದೆ ಹೋದ ಚಿತ್ರವನ್ನು ಕ್ಷಮಿಸುವುದು ಕಷ್ಟ. ಭಾರ್ಗವೀನಿಲಯದ ಸಾಹಿತಿ ಮಾಡಿದ ಮೊದಲ ಕೆಲಸವೇ ಆ ಕಥೆಗೆ ಕಿವಿಗೊಟ್ಟುದು.