ಮಂಗಳವಾರದ ಅಮಂಗಳ

ಮಹಾಪ್ರಬಂಧ ಸಲ್ಲಿಸುವ ದಿನ ಮಂಗಳವಾರ ಬಿದ್ದಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೆಸರಿನಲ್ಲೇ ಶುಭವಿರುವ ದಿನ ಅಶುಭವಾದದ್ದು ಹೇಗೆ? ಈ ಗ್ರಹದ ಇನ್ನೊಂದು ಹೆಸರು ಅಂಗಾರಕ, ಅಂದರೆ ಕೆಂಡ. ಕಣ್ಣಿಗೆ ಕಂಡ ಕೆಂಪು ಫಲಜ್ಯೋತಿಷದಲ್ಲಿ ರಕ್ತ, ಕಲಹ, ಬೆಂಕಿಯಾಯಿತು. 'ಮಂಗಳ' ಬಹುಶಃ ಹೆದರಿ ಇಟ್ಟ ಹೆಸರು, ಸಿಡುಬಿಗೆ 'ಅಮ್ಮ' ಎಂದಂತೆ. ಶನೈಶ್ಚರನೆಂದರೆ ಮೆಲ್ಲಗೆ ನಡೆಯುವವನು. ರಾಶಿಚಕ್ರ ಸುತ್ತಲು ಸುಮಾರು 30 ವರ್ಷ ಹಿಡಿಯುವ ಆ ನಡಿಗೆಯೇ ವಿಳಂಬದ ಫಲವಾಯಿತು. ನಾನು ರೂಪಕವೆಂದು ಓದುವುದನ್ನು ಜ್ಯೋತಿಷಿ ತೀರ್ಪೆಂದು ಓದುತ್ತಾನೆ.

ವಾರಗಳ ಕ್ರಮದ ಹಿಂದಿರುವುದು ಮಾತ್ರ ಬರೀ ಎಣಿಕೆ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ: ನಿಧಾನದಿಂದ ವೇಗಕ್ಕೆ, ಹೋರೆಗೊಬ್ಬ ಒಡೆಯ. ಶನಿವಾರದ 24 ಹೋರೆ ಮುಗಿದರೆ ಮುಂದಿನದು ರವಿಯದು, ಹಾಗಾಗಿ ಭಾನುವಾರ. ಆರ್ಯಭಟ ಈ ಲೆಕ್ಕ ಹೇಳುವ ಶ್ಲೋಕದಲ್ಲಿ ಶುಭಾಶುಭದ ಸುಳಿವೂ ಇಲ್ಲ. ಅಮ್ಮನಿಗೆ ಅದನ್ನೇ ಓದಿ ಹೇಳಬೇಕೆಂದಿದ್ದೇನೆ, ಬುಧವಾರ.