ಬಾರದ ಸರಕು, ಗಡುವಿಲ್ಲದ ಹಣ

2022ರ ಜನವರಿಯಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಫ್ಲಿಪ್‌ಕಾರ್ಟ್‌ನಲ್ಲಿ 12,499 ರೂಪಾಯಿಯ ಮೊಬೈಲ್ ಆರ್ಡರ್ ಮಾಡಿದರು. ಹಣ ಸಂದಾಯವಾಯಿತು, ಫೋನು ಬರಲಿಲ್ಲ. ಕಸ್ಟಮರ್ ಕೇರ್‌ಗೆ ಎಷ್ಟು ಸಲ ಕರೆ ಮಾಡಿದರೂ ಕೆಲಸವಾಗಲಿಲ್ಲ. ಕೊನೆಗೆ ಅವರು ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರು. 2023ರ ಜನವರಿಯಲ್ಲಿ ಸುದ್ದಿಯಾದ ಆದೇಶದಲ್ಲಿ ಫೋನಿನ ಬೆಲೆ, ಅದಕ್ಕೆ ಶೇ 12ರ ವಾರ್ಷಿಕ ಬಡ್ಡಿ, 20,000 ರೂಪಾಯಿ ದಂಡ, 10,000 ರೂಪಾಯಿ ವ್ಯಾಜ್ಯದ ಖರ್ಚು ಇಷ್ಟೂ ಸೇರಿದ್ದವು. ಎಲ್ಲ ಕೂಡಿ 42 ಸಾವಿರ ದಾಟಿತು.

ದೊಡ್ಡ ಕಂಪನಿಗೆ ತಕ್ಕ ಶಾಸ್ತಿಯಾಯಿತೆಂದು ಓದಿದವರಿಗೆ ಸಮಾಧಾನವಾಗಿರಬಹುದು. ಆದರೆ ಆ ಆದೇಶದಲ್ಲಿ ನನಗೆ ಮೊತ್ತಕ್ಕಿಂತ ಮುಖ್ಯವಾಗಿ ಕಂಡದ್ದು, ಗ್ರಾಹಕಿ ಕೈಗೆ ಬಾರದ ಫೋನಿಗೂ ತಪ್ಪದೆ ಕಂತು ಕಟ್ಟುತ್ತಿದ್ದರು ಎಂಬುದನ್ನು ಆಯೋಗ ಗಣನೆಗೆ ತೆಗೆದುಕೊಂಡ ರೀತಿ. ಕಂಪನಿಗಳ ಲೆಕ್ಕದಲ್ಲಿ ರೀಫಂಡ್ ಎಂದರೆ ಬಂದಷ್ಟೇ ಹಣ ಹಿಂದಕ್ಕೆ ಹೋಗುವುದು. ನಡುವಿನ ತಿಂಗಳುಗಳಲ್ಲಿ ಆ ಹಣ ಇಲ್ಲದೆ ಗ್ರಾಹಕ ಏನು ಮಾಡಿದ, ಯಾರ ಹತ್ತಿರ ಕೈಸಾಲ ತೆಗೆದ, ಆ ಲೆಕ್ಕ ಅವರಿಗೆ ಬೇಡ. ಆಯೋಗಕ್ಕೆ ಬೇಕಾಯಿತು, ಅದು ಒಳ್ಳೆಯದು. ಆದರೂ ಇದೇ ಪ್ರಕರಣ ನಮ್ಮ ವ್ಯವಸ್ಥೆಯ ಸೋಲನ್ನೂ ತೋರಿಸುತ್ತದೆ. ದುಡ್ಡು ಕೊಟ್ಟಾಗಿದೆ, ಸರಕು ಬಂದಿಲ್ಲ. ಇಷ್ಟು ನೇರವಾದ ವಿಷಯಕ್ಕೆ ನ್ಯಾಯಪೀಠವೊಂದು ಯಾಕೆ ಕೂರಬೇಕು?

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು, ಅದೇ ತಿಂಗಳು ಇ-ಕಾಮರ್ಸ್ ನಿಯಮಗಳೂ ಬಂದವು. ಆನ್‌ಲೈನ್ ಕಂಪನಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಬಗೆಹರಿಯದಿದ್ದರೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಮಾರಿದವನು ಗುರುಗ್ರಾಮದಲ್ಲಿದ್ದರೂ ಸರಿ, ಕೊಪ್ಪಳದವರು ಕೊಪ್ಪಳದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಮನೆಯಿಂದಲೇ ಆನ್‌ಲೈನ್‌ನಲ್ಲಿ ದೂರು ಸಲ್ಲಿಸುವ ದಾರಿಯೂ ಇದೆ. ಇಷ್ಟರ ಮಟ್ಟಿಗೆ ಇದು ಬಡವನ ಪರವಾದ ಕಾಯ್ದೆ, ಅನುಮಾನವಿಲ್ಲ.

ತೊಡಕಿರುವುದು ಆ ಇ-ಕಾಮರ್ಸ್ ನಿಯಮಗಳಲ್ಲಿ. ದೋಷವಿರುವ ಸರಕು, ನಕಲಿ ಸರಕು, ಜಾಹೀರಾತಿಗೆ ಹೊಂದದ ಸರಕು, ಹೇಳಿದ ದಿನ ಮೀರಿ ಬಂದ ಸರಕು, ಇವುಗಳ ಹಣ ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎನ್ನುತ್ತದೆ ನಿಯಮ. ಬರಲೇ ಇಲ್ಲದ ಸರಕಿಗೆ ಈ ಸಾಲಿನಲ್ಲಿ ಬೇರೆ ಜಾಗವಿಲ್ಲ, ಅದನ್ನು ತಡವಾದದ್ದರ ಕೆಳಗೇ ತುರುಕಬೇಕು. ಹಣ ಎಷ್ಟು ದಿನದಲ್ಲಿ ಬರಬೇಕು ಎಂದರೆ, ಕಂಪನಿ ಒಪ್ಪಿಕೊಂಡ ರೀಫಂಡ್ ಕೋರಿಕೆಗಳನ್ನು ರಿಸರ್ವ್ ಬ್ಯಾಂಕ್ ಮೊದಲಾದವರು ಹೇಳಿದಂತೆ, ಇಲ್ಲವೇ ಸಮಂಜಸ ಅವಧಿಯಲ್ಲಿ ತೀರಿಸಬೇಕಂತೆ. ಅಂದರೆ ಮೊದಲು ಕಂಪನಿ ಒಪ್ಪಬೇಕು, ಗಡುವಿನ ಮಾತು ಆಮೇಲೆ. ಒಪ್ಪಲು ಎಷ್ಟು ದಿನ ತೆಗೆದುಕೊಳ್ಳಬಹುದು? ದೂರಿನ ಆ ಒಂದು ತಿಂಗಳು ಬಿಟ್ಟರೆ ಬೇರೆ ಗಡಿಯಾರವಿಲ್ಲ.

ಇದರ ಪಕ್ಕದಲ್ಲಿ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯನ್ನಿಟ್ಟು ನೋಡಿ. ಕಾರ್ಡಿನಿಂದ ಹಣ ಕಡಿತವಾಗಿ, ಅಂಗಡಿಯವನ ಸಿಸ್ಟಂಗೆ ಅದು ತಲುಪಿದ ದೃಢೀಕರಣ ಬರದಿದ್ದರೆ, ಐದು ದಿನದೊಳಗೆ ಹಣ ತಾನಾಗಿ ಖಾತೆಗೆ ಮರಳಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡುವುದಕ್ಕೆ ಕಾಯದೆ. ಕಂಪ್ಯೂಟರ್ ಎಡವಿದರೆ ಐದು ದಿನ, ನೂರು ರೂಪಾಯಿ. ಹಣ ಸರಿಯಾಗಿ ಹೋಗಿ, ಸರಕು ಕಳಿಸಬೇಕಾದ ಮನುಷ್ಯ ಎಡವಿದರೆ ಎಲ್ಲವೂ ಅವನ ದಾಕ್ಷಿಣ್ಯಕ್ಕೆ ಬಿಟ್ಟದ್ದು. ಎರಡೂ ಸಲ ಗ್ರಾಹಕನ ಜೇಬಿನಿಂದ ಹೋದ ಹಣ ಒಂದೇ. ನಿಯಮ ಮಾಡುವವರಿಗೆ ಗಡುವು ಹಾಕಲು ಬರುತ್ತದೆ ಎಂಬುದಕ್ಕೆ ಈ ಸುತ್ತೋಲೆಯೇ ಸಾಕ್ಷಿ. ಹಾಗಾಗಿ ಇನ್ನೊಂದು ಕಡೆ ಗಡುವಿಲ್ಲದಿರುವುದನ್ನು ಮರೆವು ಎಂದು ಕ್ಷಮಿಸುವುದು ಕಷ್ಟ.

ಬೇರೆ ದೇಶಗಳಲ್ಲಿ ಇದನ್ನು ಬಗೆಹರಿಸಿ ಬಹಳ ಕಾಲವಾಯಿತು. ಅಂಚೆಯಲ್ಲಿ ಕ್ಯಾಟಲಾಗ್ ನೋಡಿ ಸಾಮಾನು ತರಿಸುತ್ತಿದ್ದ 1975ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದಿತು. ಹೇಳಿದ ಅವಧಿಯಲ್ಲಿ, ಏನೂ ಹೇಳದಿದ್ದರೆ 30 ದಿನದಲ್ಲಿ ಸರಕು ಕಳಿಸಬೇಕು, ಆಗದಿದ್ದರೆ ಗ್ರಾಹಕನ ಒಪ್ಪಿಗೆ ಕೇಳಬೇಕು, ಅವನು ಒಪ್ಪದಿದ್ದರೆ ಹಣ ಕೊಡಬೇಕು. ಬ್ರಿಟನ್ನಿನ 2015ರ ಕಾಯ್ದೆ ಇನ್ನೂ ಚುರುಕು. ಸರಕು ಗ್ರಾಹಕನ ಕೈ ಸೇರುವ ತನಕ ಅದರ ಹೊಣೆ ಮಾರಿದವನದೇ. ಕೊರಿಯರ್‌ನವನು ಕಳೆದನೋ, ಪಕ್ಕದ ಮನೆಯವರಿಗೆ ಕೊಟ್ಟನೋ ಎಂದು ಗ್ರಾಹಕ ತನಿಖೆ ಮಾಡುತ್ತ ಕೂರಬೇಕಿಲ್ಲ. ಬೆಲೆ 100 ಪೌಂಡ್ ದಾಟಿದ್ದು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 1974ರ ಕಾಯ್ದೆಯ ಪ್ರಕಾರ ಕಾರ್ಡ್ ಕೊಟ್ಟ ಬ್ಯಾಂಕೂ ಜೊತೆಗೆ ಹೊಣೆ.

ನಮ್ಮಲ್ಲಿ ಆ ತನಿಖೆ ಗ್ರಾಹಕನ ತಲೆಗೇ ಬರುತ್ತದೆ. ಆ್ಯಪಿನಲ್ಲಿ 'ಡೆಲಿವರ್ಡ್' ಎಂದು ಹಸಿರು ಗುರುತು ಬಿದ್ದ ಮೇಲೆ, ಇಲ್ಲ ಸ್ವಾಮಿ ಬಂದಿಲ್ಲ ಎಂದು ಸಾಬೀತು ಮಾಡುವುದು ಹೇಗೆ? ಬಾರದ್ದಕ್ಕೆ ಫೋಟೊ ತೆಗೆಯಲಾದೀತೆ? ಚಾಟ್‌ನಲ್ಲಿ ಮಾತಾಡುವ ಯಂತ್ರ ಸಹನೆಯಿಂದ ಅದೇ ಮೂರು ಆಯ್ಕೆ ತೋರಿಸುತ್ತದೆ. ಮನುಷ್ಯರು ಸಿಕ್ಕರೆ, ನಮ್ಮದು ಮಾರುಕಟ್ಟೆ ಮಾತ್ರ, ಮಾರಾಟಗಾರರನ್ನು ಕೇಳಿ ಎನ್ನುತ್ತಾರೆ. ಮಾರಾಟಗಾರ ಕೊರಿಯರ್ ಕಡೆ ಕೈ ತೋರಿಸುತ್ತಾನೆ, ಕೊರಿಯರ್‌ನವನು ಹಸಿರು ಗುರುತು ತೋರಿಸುತ್ತಾನೆ. ಪಾವತಿ ಮಧ್ಯವರ್ತಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ತಂದ ಮಾರ್ಗಸೂಚಿಯಲ್ಲಿ ಗ್ರಾಹಕನ ಹಣ ಮೊದಲು ಎಸ್ಕ್ರೊ ಎಂಬ ತಡೆದಿಡುವ ಖಾತೆಯಲ್ಲಿರಬೇಕೆಂಬ ಜಾಣ ಏರ್ಪಾಡು ಇತ್ತು. ಆದರೆ ಡೆಲಿವರಿ ಹೊಣೆ ಮಾರಾಟಗಾರನದಾದಾಗ ಆ ಹಣ ಅವನಿಗೆ ಬಿಡುಗಡೆಯಾಗಬೇಕಿದ್ದುದು, ಸರಕು ತಲುಪಿತೆಂದು ಅವನೇ ಖಚಿತಪಡಿಸಿದ ಮರುದಿನದೊಳಗೆ. ಕದವನ್ನು ಭದ್ರ ಮಾಡಿ ಕೀಲಿಯನ್ನು ಕಳ್ಳನಾಗಬಹುದಾದವನ ಕೈಗೇ ಕೊಟ್ಟಂತಾಯಿತು. ತಲುಪಿತೆಂದು ಹೇಳಬೇಕಾದವನು ಪಡೆದವನಲ್ಲವೆ? ಬಾಗಿಲಲ್ಲಿ ಒಟಿಪಿ ಕೇಳುವ ಪದ್ಧತಿ ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಅದು ದುಬಾರಿ ಸರಕಿಗೆ ಮಾತ್ರ, ಕಂಪನಿಗೆ ಬೇಕೆನಿಸಿದಾಗ ಮಾತ್ರ ಎಂಬುದು ಬೇರೆ ಮಾತು.

ಅದೇ ಮಾರ್ಗಸೂಚಿಯ ಇನ್ನೊಂದು ಅಂಶ ಹೆಚ್ಚಿನವರಿಗೆ ಗೊತ್ತಿಲ್ಲ. ಗ್ರಾಹಕ ಸ್ಪಷ್ಟವಾಗಿ ಬೇರೆ ಹೇಳದ ಹೊರತು ರೀಫಂಡ್ ಹಣ ಬಂದ ದಾರಿಯಲ್ಲೇ ಹಿಂದಿರುಗಬೇಕು. ಕಂಪನಿಗಳು ಮಾತ್ರ ತಮ್ಮ ವಾಲೆಟ್‌ಗೆ ತಕ್ಷಣ, ಬ್ಯಾಂಕಿಗಾದರೆ ಏಳು ಕೆಲಸದ ದಿನ ಎಂದು ಆಸೆ ತೋರಿಸುತ್ತವೆ. ವಾಲೆಟ್‌ಗೆ ಹೋದ ಹಣ ಮತ್ತೆ ಅದೇ ಅಂಗಡಿಯಲ್ಲಿ ಖರ್ಚಾಗಬೇಕು, ಮೋಸ ಮಾಡಿದವನಿಗೇ ಇನ್ನೊಂದು ವ್ಯಾಪಾರ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಕ್ಯಾಬ್ ಕಂಪನಿಗೆ, ರೀಫಂಡ್ ಕೂಪನ್ ಆಗಿ ಬೇಕೋ ಬ್ಯಾಂಕ್ ಖಾತೆಗೆ ಬೇಕೋ ಆರಿಸುವ ಅವಕಾಶ ಗ್ರಾಹಕನಿಗಿರಬೇಕು ಎಂದು ಆದೇಶಿಸಿದ್ದು ಸರಿಯಾಗಿಯೇ ಇತ್ತು. ಸರಕು ಮಾರುವವರಿಗೂ ಅದೇ ಅಳತೆ ಹಾಕಬೇಕು.

ಈ ಒಟ್ಟು ಏರ್ಪಾಡಿನಲ್ಲಿ ನನಗೆ ನಿಜಕ್ಕೂ ಕೆಲಸ ಮಾಡುತ್ತದೆ ಅನ್ನಿಸುವುದು ಅತ್ಯಂತ ಕಡಿಮೆ ಅಧಿಕಾರವಿರುವ ಅಂಗ: 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ಯಾರಿಗೂ ದಂಡ ಹಾಕಲಾರರು, ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತಾರೆ ಅಷ್ಟೆ. ದೊಡ್ಡ ಕಂಪನಿಗಳ ಮಟ್ಟಿಗೆ ಅಷ್ಟು ಸಾಕಾಗುವುದೂ ಉಂಟು, ಸರ್ಕಾರದ ಕಡತದಲ್ಲಿ ಹೆಸರು ಬೀಳುವುದು ಅವಕ್ಕೆ ಇಷ್ಟವಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸೀರೆ ತೋರಿಸಿ, ಯುಪಿಐನಲ್ಲಿ ಹಣ ಹಾಕಿಸಿಕೊಂಡು ಮಾಯವಾಗುವವರಿಗೆ ಇದ್ಯಾವುದೂ ತಾಗುವುದಿಲ್ಲ, ಅದು 1930ಕ್ಕೆ ಕರೆ ಮಾಡಬೇಕಾದ ಸೈಬರ್ ಅಪರಾಧ. ರೀಫಂಡ್‌ಗಾಗಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ, ನಕಲಿ ನಂಬರಿಗೆ ಕರೆ ಮಾಡಿ, ಉಳಿದ ಹಣವನ್ನೂ ಕಳೆದುಕೊಳ್ಳುವವರು ಇನ್ನೊಂದು ಕಡೆ. ನಂಬಬಹುದಾದ ನಂಬರನ್ನು ಆ್ಯಪಿನ ಮೂಲೆಯಲ್ಲಿ ಬಚ್ಚಿಡುವ ಕಂಪನಿಗಳಿಗೆ ಈ ಮೋಸದಲ್ಲಿ ಪಾಲಿಲ್ಲ ಎನ್ನಲಾರೆ.

ಜನ ಇದಕ್ಕೆಲ್ಲ ತಮ್ಮದೇ ಉತ್ತರ ಕಂಡುಕೊಂಡಿದ್ದರು: ಕ್ಯಾಶ್ ಆನ್ ಡೆಲಿವರಿ. ಸಾಮಾನು ಕೈಗೆ ಬಂದ ಮೇಲೆ ದುಡ್ಡು, ರೀಫಂಡ್‌ನ ಪ್ರಶ್ನೆಯೇ ಇಲ್ಲ. ಈಗ ಅದಕ್ಕೂ ಕೆಲವು ಕಂಪನಿಗಳು ಪ್ರತ್ಯೇಕ ಶುಲ್ಕ ಹಾಕುತ್ತಿವೆ. ಧಾರವಾಡದ ಸಂಸದರೂ ಆಗಿರುವ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ 2025ರ ಅಕ್ಟೋಬರ್‌ನಲ್ಲಿ ಈ ಶುಲ್ಕದ ಬಗ್ಗೆ ತನಿಖೆ ಶುರುವಾಗಿದೆ ಎಂದರು. ತನಿಖೆ ಸ್ವಾಗತಾರ್ಹ. ಅದರ ಜೊತೆಗೇ, ಮುಂಗಡ ಕೊಟ್ಟವರ ಸರಕು ಬಾರದಿದ್ದರೆ ಇಂತಿಷ್ಟು ದಿನದಲ್ಲಿ ಹಣ, ತಡವಾದರೆ ದಿನಕ್ಕೆ ಇಂತಿಷ್ಟು ಎಂದು ಒಂದು ಸಾಲನ್ನು ಅದೇ ಇಲಾಖೆ ನಿಯಮಕ್ಕೆ ಸೇರಿಸಬಹುದು. ಅದಕ್ಕೆ ಮಾದರಿ ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲಿ 2019ರಿಂದಲೂ ಇದೆ.